ಅಸಲಿ ಡಬ್ಬಿ, ನಕಲಿ ಸ್ವಿಚ್ಚು

ಆ ಬ್ರೇಕ್ ಸ್ವಿಚ್ಚು ನಮ್ಮ ಅಂಗಡಿಯದೇ, ಯಲ್ಲಪ್ಪ. ನಕಲಿ ಮಾಲನ್ನು ಅಸಲಿ ಡಬ್ಬಿಗೆ ತುಂಬಿದ್ದು ನನ್ನ ಇದೇ ಕೈ. ಕಳ್ಳ ಅನ್ನಿಸಿಕೊಂಡವನು ಮಾತ್ರ ನೀನು.

ಬೈಲಹೊಂಗಲದಲ್ಲಿ ನಮ್ಮದು ಮೋಟರ್‌ಸೈಕಲ್ ಸಾಮಾನಿನ ಅಂಗಡಿ, ಎದುರಿಗೆ ನಿನ್ನ ರಿಪೇರಿ ಶೆಡ್ಡು. ಗಿರಾಕಿಗಳು ಅಸಲಿ ಸಾಮಾನು ತೆಗೆದುಕೊಂಡು ಡಬ್ಬಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ನಾನು ಅವನ್ನು ಒರೆಸಿ ರೊಕ್ಕದ ಗಲ್ಲೆಯ ಕೆಳಗೆ ಇಡುತ್ತಿದ್ದೆ. ಹುಬ್ಬಳ್ಳಿಯಿಂದ ಚೀಲದಲ್ಲಿ ಬರುತ್ತಿದ್ದ ಅಗ್ಗದ ಸ್ವಿಚ್ಚುಗಳು ಆ ಡಬ್ಬಿ ಸೇರುತ್ತಿದ್ದವು. ತರುತ್ತಿದ್ದವರು ನಮ್ಮ ಯಜಮಾನರು — ಇರಲಿ, ಸತ್ತವರ ಮೇಲೆ ಹಾಕಿ ನಾನು ಪಾರಾಗುವುದು ಬೇಡ. ಮೂರನೇ ಇಯತ್ತೆ ಕಲಿತವಳಿಗೆ ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬೆರಳಿಗೆ ಓದು ಬೇಕಿಲ್ಲವಲ್ಲ. ಸ್ಪ್ರಿಂಗ್ ಎಳೆದು ನೋಡಿದರೆ ಕೆಲವು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಗೊತ್ತಿತ್ತು. ಗೊತ್ತಿದ್ದೇ ತುಂಬಿದೆ.

ಮುರಗೋಡದ ಮಾಸ್ತರರು ದಸರೆಯ ಖಂಡೇಪೂಜೆಯ ಮುಂಚೆ ಬ್ರೇಕ್ ಸ್ವಿಚ್ಚನ್ನು ನನ್ನಲ್ಲಿ ತೆಗೆದುಕೊಂಡು ನಿನ್ನಲ್ಲಿ ಹಾಕಿಸಿದರು. ಶಿಸ್ತಿನ ಮನುಷ್ಯ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಹಬ್ಬ ಮುಗಿದ ಮೇಲೆ ಒಂದು ದಿನ ಸವದತ್ತಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಅವರು ಬ್ರೇಕ್ ತುಳಿದರು. ಸ್ವಿಚ್ಚು ಸಿಕ್ಕಿಕೊಂಡು ಹಿಂದಿನ ಕೆಂಪು ದೀಪ ಹತ್ತಲಿಲ್ಲ. ಹಿಂದಿದ್ದ ಟೆಂಪೋ ಬಂದು ಗುದ್ದಿತು. ಮಾಸ್ತರರ ಮೊಣಕಾಲು ಮತ್ತೆ ಮಡಚಲು ಬರಲೇ ಇಲ್ಲ.

ಅಸಲಿ ಡಬ್ಬಿ ಅವರ ಮನೆಯಲ್ಲಿ, ನಕಲಿ ಸ್ವಿಚ್ಚು ಗಾಡಿಯಲ್ಲಿ — ಅಂದಮೇಲೆ ಅದಲುಬದಲು ಮಾಡಿದವನು ಮಿಸ್ತ್ರಿಯೇ. ಊರಿನ ನ್ಯಾಯ ಅಷ್ಟಕ್ಕೇ ಮುಗಿಯಿತು. ಬೈಯುವಾಗ ನಿನ್ನ ಕೇರಿಯ ಹೆಸರನ್ನೂ ಎತ್ತಿದರು. ನಮ್ಮ ಓಣಿಯ ಹೆಸರನ್ನು ಯಾರೂ ಎತ್ತಲಿಲ್ಲ.

ನೀನು ಆ ಸ್ವಿಚ್ಚು ಬಿಚ್ಚಿ ತಂದು ನನ್ನ ಮುಂದಿಟ್ಟೆ. ಹಿಂದೆ ಮಾಸ್ತರರ ತಮ್ಮ, ಇನ್ನಷ್ಟು ಮಂದಿ.

“ಅಕ್ಕಾರ, ಇದು ನೀವು ಕೊಟ್ಟದ್ದ ಹೌದಲ್ರಿ? ನೀವ ಹೇಳ್ರಿ ಇವರಿಗೆ.”

“ಅವರನ್ನೇನ ಕೇಳ್ತೀಯೋ?” ಅಂದ ಮಾಸ್ತರರ ತಮ್ಮ. “ಹಣಿ ತುಂಬ ವಿಭೂತಿ ಹಚಗೊಂಡು ಕುಂತಾರ, ಅವರು ಸುಳ್ಳು ಹೇಳ್ತಾರೇನು?”

ನಾನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

“ಇದು ನಮ್ಮ ಅಂಗಡೀದಲ್ಲ” ಅಂದೆ.

ಮಾಸ್ತರರ ತಮ್ಮ ನಿನ್ನ ಕಪಾಳಕ್ಕೆ ಹೊಡೆದ. ನೀನು ಹೊಡೆದವನನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಆ ದೀಪಾವಳಿಯೊಳಗೆ ನಿನ್ನ ಶೆಡ್ಡಿಗೆ ಬೀಗ ಬಿತ್ತು. ನೀನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾಮದುರ್ಗಕ್ಕೆ ಹೋದೆ. ನಮ್ಮದು ಮಾತ್ರ ಅಸಲಿ ಮಾಲಿನ ಅಂಗಡಿ ಅಂತ ಹೆಸರಾಯಿತು.

ಅಷ್ಟು ಮಂದಿಯಲ್ಲಿ ಒಬ್ಬನಾದರೂ, ಇನ್ನೊಂದು ಡಬ್ಬಿ ತೆಗೀರಿ, ನೋಡೋಣು, ಅನ್ನಬಾರದಿತ್ತೇ? ಹಿಂದಿನ ಕಪಾಟು ತುಂಬ ಅವೇ ಇದ್ದವು. ಇವತ್ತಿಗೂ ಅವರ ಮೇಲೆ ಮೈ ಉರಿಯುತ್ತದೆ — ಉರಿದು, ಕಡೆಗೆ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಅವರು ಕೇಳಲಿಲ್ಲ, ನನಗೆ ಗೊತ್ತಿತ್ತು. ಈಗ ನಮ್ಮ ಓಣಿಯ ಹುಡುಗಿಯರು ಕಾಲಿಗೆ ಬಿದ್ದು, ದೇವರಂಥಾ ಅಮ್ಮ, ಅನ್ನುತ್ತಾರೆ. ಯಾವ ದೇವರು?

ಇದನ್ನು ಊರಿಗೆಲ್ಲ ಹೇಳುತ್ತೇನೆ ಅಂದಾಗ ಮಗ ಅಂದ, “ಯವ್ವಾ, ಈಗ್ಯಾಕ ಅದೆಲ್ಲಾ? ಅಂಗಡಿ ಮಾನ ಹೋಗತೈತಿ.”

“ಹೋಗಲಿ” ಅಂದೆ. “ಅದು ನಮ್ಮದಲ್ಲ, ಯಲ್ಲಪ್ಪಂದು.”

ಮೊನ್ನೆ ಮಾಸ್ತರರ ಮನೆಗೆ ಹೋಗಿ ಹೇಳಿ ಬಂದೆ. ಕುಂದರ್ರಿ ಅನ್ನಲಿಲ್ಲ ಅವರು. ಸರಿಯೇ. ಬರುವ ಸಂತೆಯ ದಿನ ಗಲ್ಲೆ ಬಿಟ್ಟು ಹೊರಗೆ ಬಂದು, ನೀನು ಹೊಡೆತ ತಿಂದ ಜಾಗದಲ್ಲೇ ನಿಂತು ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ರಾಮದುರ್ಗದ ಬಸ್ಸು ಹತ್ತುತ್ತೇನೆ. ಬಾಗಿಲು ತೆರೆಯುವ ಮನಸ್ಸಿಲ್ಲದಿದ್ದರೆ ತೆರೆಯಬೇಡ, ಯಲ್ಲಪ್ಪ. ಹೊರಗೆ ನಿಂತೇ ಹೇಳುತ್ತೇನೆ — ನಿನ್ನ ಓಣಿಗೆಲ್ಲ ಕೇಳುವ ಹಾಗೆ.