ಸೋರದ ಟ್ಯಾಂಕು

ನಮ್ಮನೆಯವರು ಪ್ಲಂಬರ್. ಮೂವತ್ತೊಂದು ವರ್ಷದ ಕಸುಬಿನಲ್ಲಿ ತಾವು ಕೂರಿಸಿದ ಒಂದು ನಲ್ಲಿಯೂ ಸೋರಿಲ್ಲ ಎಂಬುದು ಅವರ ಹೆಮ್ಮೆ. ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಕೆಲಸ ಮುಗಿದ ಮೇಲೆ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಪೈಪಿನ ಒಂದೊಂದು ಜೋಡಣೆಯನ್ನೂ ಒರೆಸಿ, ಒಣಗಿದ ಬಟ್ಟೆಯನ್ನು ಮನೆ ಯಜಮಾನರ ಮೂಗಿನ ಮುಂದೆ ಹಿಡಿಯುತ್ತಾರೆ, ಅಷ್ಟೆ. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯಲು ಎದ್ದವರು ಬೇಗ ಬರುವುದಿಲ್ಲ. ಅವರು ಬಂದ ಮೇಲೆ ಆ ಮನೆಯ ನಲ್ಲಿ ತಿರುಗಿಸಲು ಇಬ್ಬರು ಬೇಕು.

ಸೋರುವುದೆಂದರೆ ಅವರಿಗೆ ಮಾನ ಹೋದ ಹಾಗೆ. ಮಲಗುವ ಕೋಣೆಯ ಕಿಟಕಿಗೆ ರಬ್ಬರ್ ಪಟ್ಟಿ ಬಡಿದು ಗಾಳಿಯನ್ನೇ ನಿಲ್ಲಿಸಿದರು. ನಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಸ್ಪ್ಯಾನರ್ ಹುಡುಕಬೇಕು. ಮಾತಿನಲ್ಲೂ ಹಾಗೆಯೇ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಆ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ತೊಟ್ಟಿಕ್ಕಿದ್ದನ್ನು ನಾನು ಕಾಣೆ. "ನಮ್ಮಣ್ಣನ ಕೈ ಅಂದ್ರೆ ಕೈ ಅತ್ತಿಗೆ," ಎಂದು ನಾದಿನಿ ಬಂದಾಗಲೆಲ್ಲ ಹೊಗಳುತ್ತಾಳೆ. ಹೊಗಳದೆ ಏನು? ಅವಳ ಮನೆಯ ಸಕ್ಕರೆ ಡಬ್ಬಿ ಸಲೀಸಾಗಿ ತೆರೆಯುತ್ತದೆ.

ಎಣ್ಣೆ ಡಬ್ಬದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಐದು ಲೀಟರಿನ ತಗಡಿನ ಡಬ್ಬ ತಂದರೆ ನಾನು ಅದಕ್ಕೆ ಎರಡು ತೂತು ಹೊಡೆಯುತ್ತೇನೆ. ಒಂದು ಎಣ್ಣೆ ಬರಲು, ಇನ್ನೊಂದು ಗಾಳಿ ಹೋಗಲು. ನನ್ನ ಅಮ್ಮ ಮಾಡುತ್ತಿದ್ದದ್ದೂ ಹೀಗೆಯೇ. ಒಂದು ದಿನ ಇವರ ಕಣ್ಣು ಎರಡನೆಯ ತೂತಿನ ಮೇಲೆ ಬಿತ್ತು. ಸಂಜೆಯೊಳಗೆ ಅದಕ್ಕೆ ಬೆಸುಗೆ ಹಾಕಿಬಿಟ್ಟರು. ನಾನು ಡಬ್ಬ ಬಗ್ಗಿಸಿದರೆ ಎಣ್ಣೆ ಎರಡು ಸಲ ಗುಳುಗುಳು ಎಂದಿತು, ಡಬ್ಬದ ಪಕ್ಕೆ ಟಣ್ ಎಂದು ಒಳಕ್ಕೆ ಹೋಯಿತು, ಆಮೇಲೆ ಹನಿಯೂ ಇಲ್ಲ.

"ಗಾಳಿ ಒಳಗೆ ಹೋಗದೆ ಎಣ್ಣೆ ಹೇಗ್ರೀ ಹೊರಗೆ ಬರುತ್ತೆ?" ಎಂದೆ.

"ಬರೋಕೆ ಒಂದು ತೂತು ಇದೆಯಲ್ಲ," ಎಂದರು.

ನಾನು ಮತ್ತೆ ಹೊಡೆದೆ, ಅವರು ಮತ್ತೆ ಮುಚ್ಚಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಎಷ್ಟು ದಿನ ಗುದ್ದಾಡುವುದು? ಡಬ್ಬದ ಬಾಯನ್ನೇ ಅಗಲವಾಗಿ ಕತ್ತರಿಸಿ ಸೌಟಿನಲ್ಲಿ ಎಣ್ಣೆ ತೆಗೆಯುವುದನ್ನು ರೂಢಿ ಮಾಡಿಕೊಂಡೆ.

ಇಂಥ ಮನುಷ್ಯನಿಗೆ ಡ್ಯೂನ್ ಬಗ್ಗಿಯ ಹುಚ್ಚು ಹಿಡಿಯಿತು. ನಮ್ಮ ಊರಿನಾಚೆ ಮರಳ ದಿಬ್ಬಗಳಿವೆ. ರಜೆ ಬಂತೆಂದರೆ ದಪ್ಪ ಚಕ್ರದ, ಮೈಮೇಲೆ ತಗಡೇ ಇಲ್ಲದ ಈ ಗಾಡಿಗಳನ್ನು ತಂದು ಜನ ಅಲ್ಲಿ ಹತ್ತಿಸಿ ಇಳಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಇವರು ಅಂಥದೊಂದನ್ನು ಸುತ್ತು ಹಾಕಿ ನೋಡಿ, ಬೆರಳಿನಿಂದ ತಟ್ಟಿ, "ಇದು ಬರೀ ಪೈಪು ಕಣೇ," ಎಂದರು. ಪೈಪೆಂದ ಮೇಲೆ ಮುಗಿಯಿತು, ತಾವೇ ಒಂದನ್ನು ಕಟ್ಟಲು ಕೂತರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರೆ. ಮದುವೆಯಾದ ಹದಿನೇಳು ವರ್ಷಕ್ಕೆ ಹೊಸದಾಗಿ ಹಿಡಿದರೆ ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಿಲ್ಲ.

ಗಾಡಿ ಹುಟ್ಟಿದ್ದು ಹಿತ್ತಲಿನ ಶೆಡ್ಡಿನಲ್ಲಿ. ಆ ಶೆಡ್ಡು ನನ್ನದಾಗಬೇಕಿತ್ತು. ನಾನು ಬಟ್ಟೆ ಹೊಲಿಯುತ್ತೇನೆ. ಶೆಡ್ಡಿನ ಉತ್ತರದ ಕಿಟಕಿಯಿಂದ ದಿನವಿಡೀ ಒಂದೇ ಹದದ ಬೆಳಕು ಬರುತ್ತದೆ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರವೂ ಕಾಣುತ್ತದೆ. ಅಲ್ಲಿ ಹಳೆಯ ಕಾರಿನ ಇಂಜಿನ್ ಬಂದು ಕೂತಿತು. ನಾನು ಮಂಚಕ್ಕೂ ಬೀರುವಿಗೂ ನಡುವೆ ಹೊಲಿಗೆ ಯಂತ್ರ ತುರುಕಿಕೊಂಡು ಕೂತೆ. ಅಳತೆ ಕೊಡಲು ಬಂದ ಹೆಂಗಸರು ಅಡುಗೆಮನೆಯಲ್ಲಿ ನಿಂತು ಕೈ ಎತ್ತಬೇಕು. ಹನ್ನೊಂದು ವರ್ಷ!

ಈ ಸಲ ನಾನು ಕೊನೆಯ ಮಾತು ಆಡಿದೆ. "ಬರೋ ಭಾನುವಾರ ಈ ಗಾಡಿ ದೊಡ್ಡ ದಿಬ್ಬ ಹತ್ತಬೇಕು. ಮೂರು ಸಲ ಅವಕಾಶ. ಹತ್ತಿದ್ರೆ ಶೆಡ್ಡು ನಿಮಗೇ, ನಾನು ಬಾಯಿ ಬಿಡಲ್ಲ. ಹತ್ತದೇ ಇದ್ರೆ ಗುಜರಿಯವನು ಅಲ್ಲಿಂದಲೇ ಎಳ್ಕೊಂಡು ಹೋಗ್ತಾನೆ. ಒಪ್ಪಿಗೆನಾ?"

ಅವರು "ಟ್ಯಾಂಕು, ಪಂಪು ಎರಡೇ ಬಾಕಿ," ಎಂದರು. ಒಪ್ಪಿಗೆಯೆಂದು ನಾನೇ ತಿಳಿದುಕೊಂಡೆ.

ಮೊದಲು ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪನ್ನು ಇಂಜಿನ್ನಿನ ಪಕ್ಕ, ಎತ್ತರದಲ್ಲಿ ಕೂರಿಸಿದರು. ನೀರಿನ ಪಂಪು ಬಾವಿಯ ಮೇಲೆ ಕೂತು ಕೆಳಗಿನಿಂದ ಎಳೆಯುವುದಿಲ್ಲವೇ, ಇದೂ ಹಾಗೆಯೇ ಎಂಬುದು ಲೆಕ್ಕ. ಅದು ಒಣಗಂಟಲಲ್ಲಿ ಅರಚಿತೇ ಹೊರತು ಕೆಳಗಿಟ್ಟ ಕ್ಯಾನಿನಿಂದ ಪೆಟ್ರೋಲ್ ಏರಲಿಲ್ಲ. ಎದುರು ಬೀದಿಯ ಮೆಕ್ಯಾನಿಕ್ ಬಂದು ನೋಡಿ, "ಇದು ತಳ್ಳೋ ಪಂಪು ಸ್ವಾಮಿ, ಎಳೆಯೋದಲ್ಲ. ಟ್ಯಾಂಕಿನ ಹತ್ರ, ಅದಕ್ಕಿಂತ ಕೆಳಗೆ ಕೂರಿಸಿ. ಮಧ್ಯೆ ಒಂದು ಫಿಲ್ಟರ್ ಹಾಕಿ," ಎಂದ. ಇವರು ಗೊಣಗದೆ ಬಿಚ್ಚಿ ಮತ್ತೆ ಕೂರಿಸಿದರು. ಅದೊಂದು ಗುಣ ಒಳ್ಳೆಯದು, ಗಂಡಸರು ಹೇಳಿದರೆ ಕೇಳುತ್ತಾರೆ.

ಟ್ಯಾಂಕು ಸೀಟುಗಳ ಹಿಂದೆ ಕೂತಿತು. ಎರಡು ಕಬ್ಬಿಣದ ಪಟ್ಟಿ ಬಿಗಿದು, ಉಜ್ಜದಿರಲೆಂದು ಅಡಿಗೆ ರಬ್ಬರ್ ಇಟ್ಟರು. ನನ್ನ ಎಡಗಾಲಿನ ಚಪ್ಪಲಿ ಕಾಣೆಯಾದದ್ದು ಅದೇ ದಿನ. ಮುಚ್ಚಳ ಹಾಕುವಾಗ ಅದರ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತಂತೆ. ಒಳಗೆ ಬಂದು, "ನೋಡೇ, ಹೊಸ ಮುಚ್ಚಳ. ತೂತು ಬಿಟ್ಟಿದ್ದಾರೆ ಕಳ್ಳರು," ಎಂದು ತೋರಿಸಿದರು. ನಾನು ಒಂದು ಜೇಬಿನ ಅಂಚು ಮಡಿಸುತ್ತಿದ್ದೆ, ತಲೆ ಎತ್ತದೆ ಹೂಂ ಎಂದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೇ. ಅವರು ಆ ತೂತಿಗೆ ಅಂಟು ತುಂಬಿ, ಮೇಲೆ ಪ್ಲಂಬರ್ ಟೇಪು ಸುತ್ತಿದರು. ಇಂಜಿನ್ ಚಾಲೂ ಮಾಡಿದರೆ ಗುಡುಗಿತು. ಒಗೆದು ಹರವಿದ ಬಟ್ಟೆಗೆ ಹೊಗೆ ಹತ್ತುತ್ತದೆಂದು ನಾನು ಕೂಗಿದ್ದಕ್ಕೆ ಒಂದೇ ನಿಮಿಷದಲ್ಲಿ ಆರಿಸಿದರು.

ಭಾನುವಾರ ಬೆಳಗ್ಗೆ ದಿಬ್ಬದ ಬುಡದಲ್ಲಿ ಎಲ್ಲರೂ ಸೇರಿದೆವು, ಎದುರು ಬೀದಿಯ ಮೆಕ್ಯಾನಿಕ್ ಕೂಡ. ಗುಜರಿಯವನು ತನ್ನ ಹಗ್ಗದಲ್ಲೇ ಗಾಡಿಯನ್ನು ಅಲ್ಲಿಗೆ ಎಳೆದು ತಂದು, ಆಸ್ಪತ್ರೆಯಲ್ಲಿ ದೂರದ ನೆಂಟನನ್ನು ನೋಡಲು ಬಂದವನ ಮುಖ ಮಾಡಿಕೊಂಡು ನಿಂತಿದ್ದ. ನಾದಿನಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು. ಚೆಲ್ಲಲಿಲ್ಲ, ಏಕೆಂದರೆ ಅಣ್ಣ ಬಿಗಿದ ಮುಚ್ಚಳ ತೆರೆಯಲೇ ಇಲ್ಲ.

ಮೊದಲ ಸಲ ಗಾಡಿ ಜೋರಾಗಿ ಹೊರಟು, ಅರ್ಧ ದಿಬ್ಬದಲ್ಲಿ ಕೆಮ್ಮಿ ನಿಂತಿತು. ಇವರು ಹಿಂದಕ್ಕೆ ಜಾರಿಸಿಕೊಂಡು ಬಂದು, ಕರವಸ್ತ್ರದಿಂದ ಪೈಪು, ಪಂಪು, ಫಿಲ್ಟರ್ ಎಲ್ಲ ಒರೆಸಿದರು. "ಒಂದು ಹನಿ ಸೋರಿಲ್ಲ," ಎಂದರು, ಅದೇ ರೋಗಕ್ಕೆ ಮದ್ದು ಎನ್ನುವ ಹಾಗೆ. ಎರಡನೆಯ ಸಲ ಅರ್ಧದವರೆಗೂ ಹೋಗಲಿಲ್ಲ. ಪಂಪು ಕುಂಯ್ ಎಂದು ಅಳುತ್ತಿತ್ತು.

"ಪಂಪು ಸುಟ್ಟಿರಬೇಕು," ಎಂದ ಮೆಕ್ಯಾನಿಕ್. ಗುಜರಿಯವನು ಹಗ್ಗದ ಗಂಟು ಬಿಚ್ಚತೊಡಗಿದ.

ನಾನು ಗಾಡಿಯ ಹತ್ತಿರ ಹೋದೆ. ಮುಂದೆ ಶೆಡ್ಡಿನಲ್ಲಿ ಯಂತ್ರವನ್ನು ಯಾವ ಮೂಲೆಗೆ ಇಡಬೇಕೆಂದು ಮನಸ್ಸಿನಲ್ಲಿ ಆಗಲೇ ಅಳತೆ ನಡೆದಿತ್ತು. ಆಗ ಟ್ಯಾಂಕು ಕಣ್ಣಿಗೆ ಬಿತ್ತು. ಅದರ ಪಕ್ಕೆ ಒಳಕ್ಕೆ ಹೋಗಿತ್ತು. ನನ್ನ ಎಣ್ಣೆ ಡಬ್ಬದ ಪಕ್ಕೆ ಹೋದ ಹಾಗೆಯೇ.

ಸುಳ್ಳು ಯಾಕೆ ಹೇಳಲಿ, ನಾನು ಸುಮ್ಮನೆ ನಿಂತೆ. ಬಾಯಿಗೆ ಬೀಗ ಹಾಕಿಕೊಂಡು ಹತ್ತು ನಿಮಿಷ ನಿಂತರೆ ಸಾಕಿತ್ತು, ಕಿಟಕಿ ನನ್ನದು, ಬೆಳಕು ನನ್ನದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರು ಮರಳಿನಲ್ಲಿ ಮಂಡಿಯೂರಿ ಕೂತು ಮತ್ತೆ ಟ್ಯಾಂಕು ಒರೆಸುತ್ತಿದ್ದರು. ಬಟ್ಟೆ ಒಣಗಿಯೇ ಇತ್ತು. ಅದನ್ನು ಯಾರ ಮೂಗಿನ ಮುಂದೆಯೂ ಹಿಡಿಯಲಿಲ್ಲ. ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಒರೆಸಿದರು. ನನಗೆ ಸಿಟ್ಟು ಬಂತು, ಅವರ ಮೇಲೋ ನನ್ನ ಮೇಲೋ ತಿಳಿಯದು.

ಕೈಚೀಲದಿಂದ ಗೋಣಿ ಹೊಲಿಯುವ ದಬ್ಬಳ ತೆಗೆದು, ಟ್ಯಾಂಕಿನ ಮುಚ್ಚಳದ ನೆತ್ತಿಯಲ್ಲಿ ಅಂಟು ತುಂಬಿದ ಕಡೆ ಚುಚ್ಚಿದೆ.

"ಏಯ್! ಏನೇ ಮಾಡ್ತಿದ್ದೀಯ? ಟ್ಯಾಂಕಿಗೆ ತೂತಾ?" ಇಪ್ಪತ್ತೆಂಟು ವರ್ಷದಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

"ಅತ್ತಿಗೆ, ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು!" ಎಂದಳು ನಾದಿನಿ.

ನಾನು ದಬ್ಬಳ ತಿರುಗಿಸಿ ಎಳೆದೆ. ಗಾಳಿ ಸುಯ್ ಎಂದು ಒಳಗೆ ಹೋಯಿತು. ಟ್ಯಾಂಕಿನ ಪಕ್ಕೆ ಟಣ್ ಎಂದು ಹೊರಗೆ ಬಂತು.

"ಬರೋಕೆ ಒಂದು ತೂತು ಇದ್ರೆ ಸಾಲಲ್ಲ," ಎಂದೆ. "ಈಗ ಹತ್ತಿಸಿ."

ಮೆಕ್ಯಾನಿಕ್ ಹಣೆ ಬಡಿದುಕೊಂಡ. "ಅಯ್ಯೋ, ಉಸಿರಾಡೋ ತೂತನ್ನೇ ಮುಚ್ಚಿದ್ದೀರಾ? ಅದನ್ನೂ ಯಾರಾದ್ರೂ ಮುಚ್ತಾರೇನ್ರೀ?" ಬೇರೆ ಯಾರೂ ಮುಚ್ಚುವುದಿಲ್ಲ. ಮೂವತ್ತೊಂದು ವರ್ಷ ಒಂದು ಹನಿ ಬಿಡದವರು ಮುಚ್ಚುತ್ತಾರೆ.

ಮೂರನೆಯ ಸಲ ಗಾಡಿ ದಿಬ್ಬದ ನೆತ್ತಿ ಮುಟ್ಟಿತು. ಮೇಲೆ ನಿಂತು ಇವರು ಕರವಸ್ತ್ರ ಬೀಸಿದರು. ಗುಜರಿಯವನು ಹಗ್ಗ ಸುತ್ತಿಕೊಂಡು, "ಮುಂದಿನ ಸಲ ನೋಡೋಣ ತಾಯಿ," ಎಂದು ಹೋದ. ನಾದಿನಿ ದಾರಿಯುದ್ದಕ್ಕೂ ಅಣ್ಣನ ಕೈಗುಣ ಹೊಗಳಿದಳು. ಮನೆಗೆ ಬಂದ ಮೇಲೆ ಇವರು ಟ್ಯಾಂಕಿಗೆ ಸರಿಯಾದ ಗಾಳಿ ಕೊಳವೆ ಕೂರಿಸಿದರು. ನಾನು ಮಂಚಕ್ಕೂ ಬೀರುವಿಗೂ ನಡುವೆ ಹೋಗಿ ಕೂತು ಹೊಲಿದೆ.

ಸೋಮವಾರ ಬೆಳಗ್ಗೆ ಅಡುಗೆಮನೆಗೆ ಹೋದರೆ ಒಲೆಯ ಪಕ್ಕ ಹೊಸ ಎಣ್ಣೆ ಡಬ್ಬ. ಮೇಲೆ ಎರಡು ತೂತು. ಡ್ರಿಲ್ಲಿನಿಂದ ಗುಂಡಗೆ ಕೊರೆದು, ನನ್ನ ಬೆರಳಿಗೆ ತಾಗದಿರಲೆಂದು ಅಂಚನ್ನು ಅರದಿಂದ ಉಜ್ಜಿದ್ದರು. ಬಗ್ಗಿಸಿದೆ. ಎಣ್ಣೆ ಒಂದೇ ಧಾರೆಯಾಗಿ ಬಂತು, ಅದರ ಜೊತೆಗೆ ಕೊರೆದ ತಗಡಿನ ಪುಡಿಯೂ ಮಿನುಗುತ್ತ ಬಂತು.

ಬೇರೆ ದಿನವಾಗಿದ್ದರೆ ಮನೆಯ ಸೂರು ಹಾರುವ ಹಾಗೆ ಕೂಗುತ್ತಿದ್ದೆ. ಅವರು ಬಾಗಿಲ ಬಳಿ ಕರವಸ್ತ್ರ ಹಿಡಿದು ನಿಂತಿದ್ದರು.

"ಚೆನ್ನಾಗಿ ಬರ್ತಿದೆ," ಎಂದೆ. ಅವರು ಶೆಡ್ಡಿಗೆ ಹೋದ ಮೇಲೆ ಐದೂ ಲೀಟರ್ ಎಣ್ಣೆಯನ್ನು ಬಟ್ಟೆಯಲ್ಲಿ ಮೂರು ಸಲ ಸೋಸಿದೆ.