ಸುನಂದಕ್ಕ, ರೇಣುಕಾಳ ವಿಳಾಸ ಹೇಳದೆಯೇ...

ಇಲ್ಲ... ಇದು ಬೇರೆ ಯಾರೋ ಸುನಂದಾ ಇರಬೇಕು.
ಬೆಳಿಗ್ಗೆ ಫೋನ್ ಬಂದಾಗ ಹಾಗೇ ಅಂದುಕೊಂಡೆ. "ಯಾವ ಸುನಂದಾ ರೀ?" ಅಂತ ಎರಡು ಸಲ ಕೇಳಿದೆ.
ಅವರ ತಮ್ಮ ಅಳುತ್ತಲೇ ಹೇಳಿದರು, "ನಿಮ್ಮ ಪುಸ್ತಕದ ಸುನಂದಾನ ರೀ... ಹಾರ್ಟ್ ಅಟ್ಯಾಕ್. ದವಾಖಾನಿಗೆ ಒಯ್ಯೂದರಾಗ..."

ನಿನ್ನೆ ಸಂಜೆಯಷ್ಟೇ ಮಾತಾಡಿದ್ದೆ.
ನನ್ನ ಎಂಟು ತಿಂಗಳ ಮಗಳಿಗೆ ಜ್ವರ. ಮೂರು ದಿನದಿಂದ ನಿದ್ದೆಯಿಲ್ಲ.
ಕೇಳಿದ್ದು ಸರಿಯೋ ತಪ್ಪೋ ನನಗೇ ತಿಳಿಯುತ್ತಿಲ್ಲ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸುನಂದಕ್ಕ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತದ ಟೀಚರ್.
ಭಾನುವಾರ ಮಾರ್ಕೆಟ್ ಯಾರ್ಡ್ ಹಿಂದಿನ ಶೆಡ್ಡಿನಲ್ಲಿ, ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳಿಗೆ ಪಾಠ.
ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದವಳು. "ಕಂಪ್ಯೂಟರ್ ಬರ್ತದಲ್ಲವಾ ನಿನಗ? ಸಾಕು, ಬಾ" ಅಂತ ಎಳೆದುಕೊಂಡರು.

ಸೈಬರ್ ಕೆಫೆಯಲ್ಲಿ ಒಂದು ಇಂಗ್ಲಿಷ್ ಗಣಿತ ಪುಸ್ತಕ ಸಿಕ್ಕಿತ್ತು.
ಯಾರು ಬೇಕಾದರೂ ಅನುವಾದಿಸಿ, ಬದಲಿಸಿ, ಹಂಚಿ ಅಂತ ಮೊದಲ ಪುಟದಲ್ಲೇ ಬರೆದಿತ್ತು. ಅಕ್ಕನಿಗೆ ನಂಬಿಕೆಯೇ ಬರಲಿಲ್ಲ.
"ಕೇಳೂದೂ ಬ್ಯಾಡಂತ? ಯಾರ ಮನಿ ಮಂದಿನೋ ಇವರು!"
ಕನ್ನಡಕ್ಕೆ ತರಲು ಕೂತೆವು. ಅದರ ಒಂದು ಲೆಕ್ಕದಲ್ಲಿ ರೈಲು ಹಿಮದಲ್ಲಿ ಸಿಕ್ಕಿಕೊಂಡಿತ್ತು. "ನಮ್ಮ ಲೋಣಾವಳಾ ಲೋಕಲ್ ಮಳಿಯಾಗ ನಿಂತ್ರ ಸಾಲ್ದೇನು?" ಅಂತ ಬದಲಿಸಿದರು.
ಹನ್ನೆರಡು ಪೆಟ್ಟಿಗೆ, ಒಂದೊಂದರಲ್ಲಿ ಇಪ್ಪತ್ತೈದು ಸೇಬು ಅನ್ನುವ ಲೆಕ್ಕ, ಐವತ್ತು ಕೆಜಿಯ ಹನ್ನೆರಡು ಉಳ್ಳಾಗಡ್ಡಿ ಚೀಲ ಆಯಿತು.

ಲೆಕ್ಕ ಬದಲಿಸುವುದು ಅವರ ಕೆಲಸ.
ಟೈಪ್ ಮಾಡಿ, ಕೊನೆಯ ಪುಟಗಳ ಉತ್ತರ ತಿದ್ದುವುದು ನನ್ನದು.
ನಾನು ತಿದ್ದಲಿಲ್ಲ...
ಮಗು ಸಣ್ಣದು, ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಮರೆತೇಬಿಟ್ಟೆ. ಪುಸ್ತಕ ಪ್ರಿಂಟ್ ಆಗಿ ಬಂತು.

ರೇಣುಕಾ ಅಂತ ಒಬ್ಬಳಿದ್ದಳು. ಅವಳಪ್ಪ ಯಾರ್ಡಿನಲ್ಲಿ ಹಮಾಲ.
ಚೀಲದ ಲೆಕ್ಕಕ್ಕೆ ಆರು ನೂರು ಅಂತ ಬರೆದಳು.
ಅಂದು ಅಕ್ಕ ಬಂದಿರಲಿಲ್ಲ. ನಾನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕೊನೆಯ ಪುಟ ನೋಡುತ್ತ ಟಿಕ್ ಹಾಕುತ್ತಿದ್ದೆ. ಅಲ್ಲಿ ಮುನ್ನೂರು ಇತ್ತು. ಸೇಬಿನ ಉತ್ತರ...
ತಪ್ಪು ಹಾಕಿದೆ.

"ಇಲ್ರೀ ಅಕ್ಕಾರ, ನಾ ದಿನಾ ನೋಡ್ತೀನಿ. ನಮ್ಮಪ್ಪನ ಬೆನ್ನ ಮ್ಯಾಲ ಇರ್ತಾವ ಆ ಚೀಲ."
"ಪುಸ್ತಕದಾಗ ಇದ್ದದ್ದ ಖರೆ," ಅಂದೆ.
"ಪುಸ್ತಕಕಿಂತಾ ಶಾಣ್ಯಾ ಆಗ್ಯಾಳ ನೋಡ್ರಿ ಈಕಿ!" ಪಕ್ಕದವಳು ನಕ್ಕಳು.
ರೇಣುಕಾ ರಬ್ಬರ್ ತೆಗೆದುಕೊಂಡು ಅಳಿಸಿದಳು. ಮುನ್ನೂರು ಅಂತ ಬರೆದಳು.
ಮುಂದಿನ ಭಾನುವಾರ ಬರಲಿಲ್ಲ. ಅವರ ಮನೆಯವರು ಬೇರೆ ಕಡೆ ಕೆಲಸಕ್ಕೆ ಹೋದರಂತೆ.

ಸುನಂದಕ್ಕ...
ತಪ್ಪು ಕಂಡುಹಿಡಿದವರು ನೀವೇ. "ಲೆಕ್ಕ ಬದಲಿ ಮಾಡಿ ಉತ್ತರ ಹಂಗ ಬಿಟ್ಟೇವಲ್ಲವಾ ನಾವು" ಅಂದಿರಿ.
ನಾವು ಅಂದಿರಿ. ನೀನು ಅನ್ನಲಿಲ್ಲ.
ಅದು ನನ್ನ ಕೆಲಸ ಅಂತ ನಿಮಗೆ ನೆನಪಿರಲಿಲ್ಲವೇ? ಅಥವಾ ನೆನಪಿದ್ದೂ...?
ನಾನೂ ಬಾಯಿ ಬಿಡಲಿಲ್ಲ.
ರೇಣುಕಾ ಸರಿ ಉತ್ತರ ಅಳಿಸಿದ್ದು ಮಕ್ಕಳಿಂದ ತಿಳಿದು, ಎರಡು ತಿಂಗಳು ಆ ಹುಡುಗಿಯನ್ನು ಒಬ್ಬರೇ ಹುಡುಕಿದಿರಿ. ನಿನ್ನೆ ಫೋನ್ ಮಾಡಿದಿರಿ.
"ರೇಣುಕಾನ ಪತ್ತೆ ಹತ್ತೇದವಾ. ಸ್ವಾರಗೇಟದಿಂದ ಒಂದ ಬಸ್ಸು. ಭಾನುವಾರ ಹೋಗೂಣು."
"ಮಗೂಗ ಜ್ವರ ರೀ ಅಕ್ಕಾ. ನೀವ ಹೋಗಿ ಹೇಳಿ ಬರ್ರಿ."
"ನಾ ಹೇಳಿದ್ರ ಏನಾಗ್ತದ? ನೀ ಬಾ," ಅಂದು ಇಟ್ಟುಬಿಟ್ಟಿರಿ.

ಹಾಗಂದರೆ ಏನಕ್ಕ?
ಗೊತ್ತಿತ್ತಾ ನಿಮಗೆ? ಸಿಟ್ಟಿತ್ತಾ? ಅಥವಾ ಸುಮ್ಮನೆ ಜೊತೆಗೆ ಕರೆದಿರಾ?
ಬೆಳಿಗ್ಗೆಯಿಂದ ಆ ಮಾತನ್ನು ಹತ್ತು ಥರ ಅಂದು ನೋಡಿದೆ. ಒಂದೊಂದು ಸಲ ಒಂದೊಂದು ಅರ್ಥ...
ಮತ್ತೆ ಯಾವ ಬಸ್ಸು? ಎಲ್ಲಿ ಇಳಿಯಬೇಕು?
ನಿಮ್ಮ ತಮ್ಮನಿಗೆ ಗೊತ್ತೋ ಏನೋ. ಇವತ್ತು ಅವರನ್ನು ಇದನ್ನು ಹೇಗೆ ಕೇಳಲಿ?

ಫ್ರೆಂಡ್ಸ್, ಸೊಲ್ಲಾಪುರ, ಸಾಂಗಲಿಯ ಟೀಚರ್‌ಗಳೂ ಈ ಪುಸ್ತಕದ ಸಿಡಿ ತರಿಸಿಕೊಂಡಿದ್ದೀರಿ. ನಿಮ್ಮೂರಿನ ಲೆಕ್ಕಗಳನ್ನೂ ಸೇರಿಸಿದ್ದೀರಿ. ಅಕ್ಕನಿಗೆ ಅದು ಭಾಳ ಖುಷಿ ಇತ್ತು.
ದಯವಿಟ್ಟು ಕೊನೆಯ ಉತ್ತರದ ಪುಟಗಳನ್ನು ಹರಿದುಹಾಕಿ.
ಎಲ್ಲೆಲ್ಲಿ ಎಷ್ಟು ಮಕ್ಕಳು ಸರಿ ಉತ್ತರ ಅಳಿಸಿದ್ದಾರೋ...

ನಿಮ್ಮ ಕ್ಲಾಸಿಗೆ ಹೊಸದಾಗಿ ರೇಣುಕಾ ಅನ್ನುವ ಹಮಾಲರ ಮಗಳು ಬಂದಿದ್ದರೆ, ಅವಳಿಗೆ ಹೇಳಿ, ಆರು ನೂರೇ ಸರಿ, ತಪ್ಪಿದ್ದು ಪುಸ್ತಕ ಅಂತ...

ಇಲ್ಲ. ಬೇಡ. ನೀವು ಹೇಳಬೇಡಿ.
ಅವಳು ಎಲ್ಲಿದ್ದಾಳೆ ಅಂತ ನನಗೆ ತಿಳಿಸಿ. ಅಷ್ಟು ಸಾಕು.

ಸುನಂದಕ್ಕ, ತಿರುಗಿ ತಿರುಗಿ ದಣಿದಿದ್ದೀರಿ...
ಇನ್ನು ಕೂತುಕೊಳ್ಳಿ. ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.