ಚಿಲ್ಲರೆ ಮಾವನ ಕಾಸು

ಮೂಲೆ ದಿನಸಿ ಅಂಗಡಿಯ ಚಿಲ್ಲರೆ ಮಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಕಿ ಒಂದು ಕಾಸಿಗೆ ಯಾರಾದರೂ "ಇರಲಿ ಬಿಡಿ ಮಾವ" ಅಂದರೆ ಸಾಕು, "ನಾನೇನು ನಿಮ್ಮ ಬಾಗಿಲಿಗೆ ಭಿಕ್ಷೆಗೆ ಬಂದಿದ್ನಾ?" ಎಂದು ಬೀದಿ ತುದಿಯವರೆಗೂ ಅಟ್ಟಿಸಿಕೊಂಡು ಹೋಗಿ ಕೈಗೆ ತುರುಕಿ ಬರುವ ಆಸಾಮಿ. ಈಗ ಸರ್ಕಾರ ಆ ಕಾಸನ್ನೇ ನಿಲ್ಲಿಸಿದೆ. ಅದನ್ನು ಅಚ್ಚು ಹಾಕುವ ಖರ್ಚು ಅದರ ಬೆಲೆಗಿಂತ ಹೆಚ್ಚಂತೆ. ಮಾತು ಸರಿಯೇ ಎಂದು ಅವನಿಗೂ ಗೊತ್ತು, ಅದಕ್ಕೇ ಮೈಯೆಲ್ಲ ಇನ್ನಷ್ಟು ಉರಿ. "ಇನ್ಮೇಲೆ ಬಾಕಿ ಕೊಡೋಕೆ ಕಾಸಿರಲ್ಲ, ಬೆಲೆ ಒಂದು ಕಾಸು ಮೇಲಕ್ಕೇ ಹಾಕ್ರೀ, ಎಲ್ಲರೂ ಹಾಗೇ ಮಾಡ್ತಿದಾರೆ" ಎಂದ ಹೆಂಡತಿಗೆ, "ಊರು ಕದ್ರೆ ನಾನೂ ಕದೀಲಾ?" ಎಂದು ಗುಡುಗಿ, ಕೆಳಕ್ಕೇ ಹಾಕಿ, ಆದ ನಷ್ಟಕ್ಕೆ ಹಲ್ಲು ಕಡಿಯುತ್ತಾನೆ. "ಸವಕಲು ಕಾಸಿನ ಮೇಲೆ ಅಷ್ಟು ಪ್ರೀತಿಯಾ?" ಎಂದು ನಕ್ಕವರಿಗೆ ಆವತ್ತು ಬೇಳೆ ಸಿಗುವುದಿಲ್ಲ. ಕಾಸು ಮರಳಿಸಲು ಕೊಟ್ಟ ಗಡುವಿನ ಕಡೇ ದಿನ ಡಬ್ಬದ ಕಾಸನ್ನೆಲ್ಲ ಬೈಯುತ್ತಲೇ ಬ್ಯಾಂಕಿಗೆ ಸುರಿದು ಬಂದ, ಒಂದೇ ಒಂದನ್ನು ಬಿಟ್ಟು. ತಕ್ಕಡಿಯಲ್ಲಿ ತೂಕದ ಕಲ್ಲಿಡುವ ತಟ್ಟೆ ಸವೆದು ಹಗುರಾದಾಗ ಅವನಪ್ಪ ಅದರಡಿ ಅರಗು ಹಾಕಿ ಅಂಟಿಸಿದ ಕಾಸು ಅದು. "ಅದನ್ನೂ ಕಿತ್ತು ಕೊಡ್ಬಾರದಿತ್ತಾ?" ಎಂದಳು ಹೆಂಡತಿ. ಮಾವ ಮೊದಲ ಸಲ ದನಿ ತಗ್ಗಿಸಿದ: "ಕಿತ್ರೆ ಎಲ್ಲರ ಅಕ್ಕೀಲೂ ಒಂದು ಕಾಸಿನ ತೂಕ ಕಮ್ಮಿ ಬೀಳತ್ತೆ ಕಣೆ."